ಕೋಳಿಯೋ, ಕೋರಿಯೋ

ಪಡುಬಿದ್ರಿಯ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಆ ದಿನ ನನ್ನ ಎದುರು ಕುಳಿತಿದ್ದರು. ಸ್ಟ್ರೋಕ್ ಆದ ಮೇಲೆ ಅವರಿಗೆ ಮಾತು ಬರುತ್ತಿತ್ತು, ವಸ್ತುಗಳ ಹೆಸರು ಸಿಗುತ್ತಿರಲಿಲ್ಲ. ನಾನು ಕನ್ನಡಕದ ಚಿತ್ರ ಹಿಡಿದು "ಇದು ಏನು?" ಎಂದು ಕೇಳಿದೆ. ಅವರು ತಡಕಾಡಿದರು. ಇಂಥ ಹೊತ್ತಿನಲ್ಲಿ ನಾವು ಮೊದಲ ಅಕ್ಷರವನ್ನು ಹೇಳಿಕೊಡುತ್ತೇವೆ. "ಕ..." ಎಂದರೆ ಸಾಕು, ಎಷ್ಟೋ ಸಲ ಉಳಿದದ್ದು ತಾನಾಗಿ ಬಂದುಬಿಡುತ್ತದೆ. ಹೇಳಿಕೊಡಲು ನಾನು ಬಾಯಿ ತೆರೆದೆ.

ಅಕ್ಷರ ಬರಲಿಲ್ಲ.

ಅದು ಮೂಗಿನ ಮೇಲೆ ಕೂರುವ ವಸ್ತು, ನನ್ನ ಮೂಗಿನ ಮೇಲೂ ಒಂದಿದೆ, ಎಲ್ಲ ಗೊತ್ತಿತ್ತು. ಹೆಸರೊಂದು ಇರಲಿಲ್ಲ. ಕಂಡಕ್ಟರ್ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. "ನಿಮಗೂ ಬರುವುದಿಲ್ವಾ ಮೇಡಂ?" ಎಂದರು. ಪಾಪ, ಅವರಿಗೆ ನಿಜವಾಗಿ ಖುಷಿಯಾಗಿತ್ತು. ನಾನೂ ನಕ್ಕೆ. ಚಿತ್ರವನ್ನು ಮಗುಚಿಟ್ಟು ಮುಂದಿನದ್ದಕ್ಕೆ ಹೋದೆ.

ನಾನು ಕ್ಲಿನಿಕಲ್ ಸೈಕಾಲಜಿ ಓದಿ, ಆಮೇಲೆ ಮಿದುಳು ಮತ್ತು ಭಾಷೆಯ ಸಂಶೋಧನೆಗೆ ಬಿದ್ದವಳು. ಮಣಿಪಾಲದಲ್ಲಿ ಕೆಲಸ, ಅಲೆವೂರಿನಲ್ಲಿ ಮನೆ. ನನ್ನ ಇಡೀ ವೃತ್ತಿಜೀವನವನ್ನು ಒಂದು ಪ್ರಶ್ನೆಗೆ ಇಳಿಸಬಹುದು: ಇದು ಏನು? ಬಾಚಣಿಗೆ ತೋರಿಸಿ ಕೇಳಿದ್ದೇನೆ, ಬೀಗ ತೋರಿಸಿ ಕೇಳಿದ್ದೇನೆ, ಹೆಂಡತಿಯ ಫೋಟೋ ತೋರಿಸಿ ಕೇಳಿದ್ದೇನೆ. ಜನ ಉತ್ತರ ಹೇಳಲಾಗದೆ ಅತ್ತಾಗ ಟಿಶ್ಯೂ ಡಬ್ಬಿಯನ್ನು ಮುಂದೆ ದೂಡಿ, ಅವರು ಎಷ್ಟು ಹೊತ್ತು ತಡವರಿಸಿದರು ಎಂದು ಬರೆದುಕೊಂಡಿದ್ದೇನೆ. ಅದು ಕ್ರೂರತನವಲ್ಲ, ಕೆಲಸ. ಹೆಸರು ತಪ್ಪುವುದರಲ್ಲಿ ಎಷ್ಟು ವಿಧ ಉಂಟು ಎಂಬುದರ ಮೇಲೆ ನಾನು ಗಂಟೆಗಟ್ಟಲೆ ಪಾಠ ಮಾಡಬಲ್ಲೆ. ಆದರೂ ಕನ್ನಡಕ ಮರೆತದ್ದಕ್ಕೆ ನಾನು ಕೊಟ್ಟ ಕಾರಣ ಎರಡೇ. ನಿದ್ದೆ ಕಡಿಮೆಯಾಗಿದೆ. ವಯಸ್ಸಾಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆಗೆ ಬಿದ್ದಿತ್ತಂತೆ, ಹಾಗಾಯಿತು ನನ್ನ ಕಥೆ.

ಎರಡನೆಯ ಸಲ ಅದು ಮನೆಯಲ್ಲಿ ಬಂತು. ನನ್ನ ಗಂಡ ದಿವಾಕರ್‌ಗೆ ಕಾರ್ಕಳದಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ ಉಂಟು. ಅವರು ಸಂಜೆ ಬಂದು ಕೈಕಾಲು ತೊಳೆಯುತ್ತಿದ್ದಾಗ ನಾನು ಚಹಾ ಬೇಕಾ ಎಂದು ಕೇಳಿದೆ. ಕೇಳಿದೆ ಎಂದುಕೊಂಡೆ. ಬಾಯಿಂದ ಬಂದದ್ದು ಯಾವ ಭಾಷೆಯೂ ಅಲ್ಲ.

"ಎಂತ ಮಾರಾಯ್ತಿ? ಎಂತ ಹೇಳ್ತಾ ಇದ್ದೀ?" ಎಂದು ಅವರು ಒದ್ದೆ ಕೈಯಲ್ಲೇ ಓಡಿ ಬಂದರು. (ನಮ್ಮ ಮನೆಮಾತು ತುಳು. ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ನಾನು ವಿವರಿಸಲು ಹೋದೆ, ಮತ್ತದೇ ಕಲಸುಮೇಲೋಗರ. ಒಂದು ನಿಮಿಷವಿರಬೇಕು. ಆಮೇಲೆ ಮಾತು ಮರಳಿತು. ಮರಳಿದ ಮೇಲೆ ನಾನು ಹೇಳಿದ ಮೊದಲ ಶಬ್ದ "ಸೀಝರ್". ಅವರಿಗೆ ಅರ್ಥವಾಗಲಿಲ್ಲ, ನನಗೆ ಅರ್ಥವಾಯಿತು: ಮಿದುಳಿನಲ್ಲಿ ಎದ್ದ ಫಿಟ್ಸ್.

ಎಂಆರ್‌ಐ ಆಯಿತು. ಪರಿಚಯದ ರೇಡಿಯಾಲಜಿಸ್ಟ್ ಮಾನಿಟರನ್ನು ನನ್ನತ್ತ ತಿರುಗಿಸಿದರು. ಮಿದುಳಿನ ಎಡಬದಿಯ ಟೆಂಪೊರಲ್ ಲೋಬಿನ ಹಿಂಭಾಗದಲ್ಲಿ ಬೆಳ್ಳಗಿನ ಒಂದು ಮಚ್ಚೆ. ಗ್ಲಯೋಮಾ ಎಂಬ ಗಡ್ಡೆ, ನಿಧಾನಕ್ಕೆ ಬೆಳೆಯುವ ಜಾತಿಯದ್ದಿರಬಹುದು, ಭಾಷೆಯ ಜಾಗಕ್ಕೆ ಅಂಟಿಕೊಂಡೇ ಕೂತಿದೆ. ಎಲ್ಲವನ್ನೂ ಅಭ್ಯಾಸಬಲದಿಂದ ಮನಸ್ಸಿನಲ್ಲೇ ಓದಿ ಮುಗಿಸಿದೆ. ವಿದ್ಯಾರ್ಥಿಗಳಿಗೆ ತೋರಿಸಲು ಒಳ್ಳೆಯ ಕೇಸ್ ಎಂದು ಕೂಡ ಅನಿಸಿತು.

ಮೂಲೆಯಲ್ಲಿ ನನ್ನ ಹೆಸರಿತ್ತು.

ಇಂಥ ಗಡ್ಡೆಗೆ ರೋಗಿಯನ್ನು ಎಚ್ಚರವಾಗಿಟ್ಟೇ ಆಪರೇಷನ್ ಮಾಡುತ್ತಾರೆ. ತಲೆಬುರುಡೆ ತೆರೆದ ಮೇಲೆ ಎಬ್ಬಿಸಿ, ಮಿದುಳಿನ ಒಂದೊಂದೇ ಜಾಗವನ್ನು ಸಣ್ಣ ಕರೆಂಟಿನಿಂದ ಮುಟ್ಟುತ್ತಾ ಹೋಗುತ್ತಾರೆ. ಕರೆಂಟ್ ಮುಟ್ಟಿದಷ್ಟು ಹೊತ್ತು ಆ ಜಾಗ ಕೆಲಸ ಮಾಡುವುದಿಲ್ಲ. ಆಗ ಒಬ್ಬರು ಪಕ್ಕದಲ್ಲಿ ಕೂತು ಚಿತ್ರ ತೋರಿಸಬೇಕು, ರೋಗಿ ಹೆಸರು ಹೇಳಬೇಕು. ಹೇಳಿದರೆ ಆ ಜಾಗವನ್ನು ತೆಗೆಯಬಹುದು. ತಪ್ಪಿದರೆ ಮುಟ್ಟುವಂತಿಲ್ಲ, ತೆಗೆದರೆ ಮಾತು ಹೋಗುತ್ತದೆ. ಹಾಗೆ ಪಕ್ಕದಲ್ಲಿ ಕೂರುವವಳು ಇಷ್ಟು ವರ್ಷ ನಾನೇ ಆಗಿದ್ದೆ. ಆದ್ದರಿಂದಲೇ ನಮ್ಮೂರಲ್ಲಿ ಬೇಡ ಎಂದೆ. ನನ್ನ ವಿದ್ಯಾರ್ಥಿಗಳು ನನ್ನ ತಲೆಯೊಳಗೆ ಇಣುಕುವುದು ನನಗೆ ಬೇಕಿರಲಿಲ್ಲ. "ನಿನ್ನ ದೌಲತ್ತಿಗೆ ಈಗ ಬೆಂಗಳೂರಿಗೆ ಹೋಗಬೇಕಾ?" ಎಂದು ದಿವಾಕರ್ ರೇಗಿದರು. ರೇಗಿ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಟಿಕೆಟ್ ಮಾಡಿಸಿದರು.

ಹೊರಡುವ ಮೊದಲು ಕಾಪುವಿಗೆ ಹೋಗಿ ಅಮ್ಮನಿಗೆ ಹೇಳಿದೆ. ಅಪ್ಪನಿಗೆ ದೋಣಿ ಇತ್ತು, ಈಗ ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ, ಅಮ್ಮ ಅವನ ಜೊತೆಗಿದ್ದಾರೆ. ತಲೆಯಲ್ಲಿ ಗಡ್ಡೆ ಎಂದಾಗ ಅಮ್ಮ ಬಹಳ ಹೊತ್ತು ನನ್ನ ತಲೆಯನ್ನೇ ನೋಡಿದರು.

"ನಿನ್ನ ಅಪ್ಪ ಹೇಳಿದ್ದರು, ಅಷ್ಟು ಓದಬೇಡ ಅಂತ" ಎಂದರು. ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ನನ್ನ ಭಾಷಾ ಪರೀಕ್ಷೆಗೆ ಬಂದವಳು ಪಲ್ಲವಿ ಎಂಬ ಸೈಕಾಲಜಿಸ್ಟ್. ಧಾರವಾಡದ ಕಡೆಯ ಹುಡುಗಿ, ಚುರುಕು. ನಾನು ಬರೆದದ್ದನ್ನು ಓದಿ ಪರೀಕ್ಷೆ ಪಾಸು ಮಾಡಿದವಳಂತೆ. "ಮನ್ಯಾಗ ಯಾವ ಭಾಷೆ ಮಾತಾಡ್ತೀರಿ ಮೇಡಂ?" ಎಂದು ಕೇಳಿದಳು.

ನಮ್ಮ ಕಡೆಯವರಿಗೆ ಇದಕ್ಕೊಂದು ಸಿದ್ಧ ಉತ್ತರ ಉಂಟು. ಹೊರಗಿನವರು ಕೇಳಿದರೆ ಕನ್ನಡ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ನಾವು ಕನ್ನಡದವರು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋಗುವ ಹಾಗೆ ತುಳುವನ್ನು ಬಾಗಿಲಲ್ಲಿ ಬಿಟ್ಟು ಹೋಗುತ್ತೇವೆ, ಯಾರೂ ಹೇಳಿಕೊಟ್ಟದ್ದಲ್ಲ. ಆದರೂ ನಾನು ಯೋಚಿಸಿಯೇ ಉತ್ತರಿಸಿದೆ. ರೋಗಿಗಳ ಜೊತೆ ಕನ್ನಡ, ಪಾಠಕ್ಕೆ ಇಂಗ್ಲಿಷ್, ಈ ಎರಡು ಹೋದರೆ ನನ್ನ ಕೆಲಸ ಹೋಯಿತು, ಕೆಲಸ ಹೋದರೆ ಉಳಿಯುವವಳು ಯಾರೆಂದು ನನಗೆ ಗೊತ್ತಿರಲಿಲ್ಲ. ತುಳು ಎಲ್ಲಿಗೆ ಹೋಗುತ್ತದೆ? ಅದು ಇದ್ದೇ ಇರುತ್ತದೆ. ತಲೆ ತೆರೆದು ಎಚ್ಚರವಿರುವ ಹೊತ್ತು ಚಿನ್ನದಂಥದ್ದು, ಅದನ್ನು ಮೂರು ಭಾಷೆಗೆ ಹಂಚುವುದು ಬೇಡ. "ಕನ್ನಡ, ಇಂಗ್ಲಿಷ್ ಸಾಕು" ಎಂದೆ.

ಮೊದಲು ಕನ್ನಡ ಎಂದು ಒಪ್ಪಂದವಾಯಿತು. ಪಲ್ಲವಿ ಚೀಲದಿಂದ ತೆಗೆದ ಚಿತ್ರಗಳನ್ನು ನೋಡಿ ನನಗೆ ನಗು ಬಂತು. ವರ್ಷಗಳ ಹಿಂದೆ ಉಡುಪಿಯ ಒಬ್ಬ ಡ್ರಾಯಿಂಗ್ ಮೇಷ್ಟ್ರ ಕೈಯಲ್ಲಿ ನಾನೇ ಬರೆಸಿದ ಚಿತ್ರಗಳು ಅವು. ಕೈಯಿಂದ ಕೈಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಅಲ್ಲಿಗೂ ಮುಟ್ಟಿದ್ದವು. ಕೋಳಿ ಬರೆಯಿರಿ ಎಂದರೆ ಮೇಷ್ಟ್ರು ಎದೆಯುಬ್ಬಿಸಿ ನಿಂತ ಅಂಕದ, ಅಂದರೆ ಕೋಳಿಕಾಳಗದ, ಹುಂಜವನ್ನು ಬರೆದಿದ್ದರು. "ಕಾಲಿಗೆ ಬಾಳು ಕತ್ತಿ ಕಟ್ಟುವುದೊಂದು ಬಾಕಿ" ಎಂದು ನಾನು ತಮಾಷೆ ಮಾಡಿದ್ದೆ. ಹಿಂದಿನ ದಿನ ತಪ್ಪಿಲ್ಲದೆ ಹೆಸರಿಸಿದ ಚಿತ್ರಗಳನ್ನು ಮಾತ್ರ ಆಪರೇಷನ್‌ಗೆ ಇಟ್ಟುಕೊಳ್ಳುವುದು ಕ್ರಮ. ಕೋಳಿಯನ್ನು ಕೋಳಿ ಎಂದೇ ಹೇಳಿದೆ. ಬಾಳೆಗಿಡವನ್ನು ಬಾಳೆ ಎಂದೆ. ಎರಡೂ ಪಟ್ಟಿಯಲ್ಲಿ ಉಳಿದವು.

ಆಪರೇಷನ್ ಬಗ್ಗೆ ಜನ ಕೇಳುತ್ತಾರೆ, ನೋವಾಗುತ್ತದಾ ಅಂತ. ಮಿದುಳಿಗೆ ನೋವಿಲ್ಲ. ನೋವು ಕುತ್ತಿಗೆಗೆ, ಒಂದೇ ಬದಿಗೆ ಮಲಗಿದ ಸೊಂಟಕ್ಕೆ, ಒಣಗಿದ ಬಾಯಿಗೆ. ಚಳಿ. ಮುಖದ ಮೇಲೆ ನೀಲಿ ಬಟ್ಟೆಯ ಡೇರೆ. ಡೇರೆಯೊಳಗೆ ಪಲ್ಲವಿಯ ಮುಖ, ಅವಳ ಕೈಯಲ್ಲಿ ಚಿತ್ರ. ನಾನು ಎಷ್ಟೋ ಜನರಿಗೆ "ಆರಾಮಾಗಿರಿ, ನಾನಿದ್ದೇನೆ" ಎಂದು ಹೇಳಿದ್ದೇನಲ್ಲ, ಅವರಿಗೆಲ್ಲ ಆ ಮಾತಿನಿಂದ ಎಳ್ಳಷ್ಟೂ ಆರಾಮಾಗಿರಲಿಕ್ಕಿಲ್ಲ ಎಂದು ಅಲ್ಲಿ ಗೊತ್ತಾಯಿತು.

ಪ್ರತಿ ಚಿತ್ರಕ್ಕೂ "ಇದು" ಎಂದು ಶುರು ಮಾಡಿ ಹೆಸರು ಹೇಳಬೇಕು. ಇದು ಬೀಗ. ಇದು ಛತ್ರಿ. ಇದು ಏಣಿ. ಹಿಂದಿನಿಂದ ಸರ್ಜನ್ "ಗುಡ್, ನೆಕ್ಸ್ಟ್" ಎನ್ನುತ್ತಿದ್ದರು. ಆಯಾಸ ಏರುತ್ತಿತ್ತು. ಒಂದೊಂದು ಹೆಸರನ್ನೂ ಬಾವಿಯಿಂದ ಸೇದಿದ ಹಾಗೆ ಎಳೆಯುತ್ತಿದ್ದೆ. ಹುಂಜ ಬಂತು.

ನಾನು ಹೇಳಿದೆ. ಪಲ್ಲವಿ ತಟ್ಟನೆ "ಎರರ್" ಎಂದಳು. ಎಂತ ಎರರ್? ನಾನು ಸರಿಯಾಗಿಯೇ ಹೇಳಿದ್ದೆನಲ್ಲ. ಬೇರೆ ಚಿತ್ರಗಳಾದವು. ಮತ್ತೆ ಅದೇ ಜಾಗಕ್ಕೆ ಕರೆಂಟ್ ಮುಟ್ಟಿಸಿದರಂತೆ, ಆಗ ಬಾಳೆಗಿಡ. ನಾನು ಹೇಳಿದೆ. ಪಲ್ಲವಿ ಹತ್ತಿರ ಬಗ್ಗಿ "ಇಲ್ಲೇ ಅದೀನ್ರಿ ಮೇಡಂ" ಎಂದಳು. ಯಾಕೆ ಹಾಗೆಂದಳೋ ತಿಳಿಯಲಿಲ್ಲ. ಹಿಂದಿನಿಂದ ಸರ್ಜನ್ ದನಿ ಕೇಳಿತು: "ಈ ಜಾಗ ಬಿಡೋಣ."

ಬಿಟ್ಟರು.

ಆಮೇಲಿನ ಕೆಲವು ದಿನ ನನ್ನಲ್ಲಿ ಶಬ್ದವೇ ಇರಲಿಲ್ಲ. ಊತ ಇಳಿದ ಹಾಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಿದೆ, ಚಿಕ್ಕ ಮಕ್ಕಳ ಹಾಗೆ ದಿವಾಕರ್ ಅಂಗಿ ಹಿಡಿದುಕೊಂಡು ಕೂತಿದ್ದೆ. ಮೊದಲು ಬಂದದ್ದು "ನೀರ್". ಆಮೇಲೆ "ಬೊಡ್ಚಿ", ಅಂದರೆ ಬೇಡ. ಪೂರಾ ತುಳು. ನರ್ಸ್ "ಯಾವ ಭಾಷೆ ಸರ್ ಇದು?" ಎಂದು ಕೇಳಿದರೆ ಇವರು ಹೆಮ್ಮೆಯಿಂದ "ನಮ್ಮದು" ಎಂದರು. ಕನ್ನಡ ಆಮೇಲೆ ಕುಂಟುತ್ತಾ ಬಂತು. ಇಂಗ್ಲಿಷ್ ಕಟ್ಟಕಡೆಗೆ, ಕೊನೆಯ ಬಸ್ಸಿನಲ್ಲಿ ಬಂದವರ ಹಾಗೆ.

ಡಿಸ್ಚಾರ್ಜ್‌ಗೆ ಮೊದಲು ಪಲ್ಲವಿ ಬಂದು ಪಕ್ಕದಲ್ಲಿ ಕೂತಳು. "ಭಾಳ ಛಲೋ ಮಾಡಿದ್ರಿ ಮೇಡಂ. ಒಂದ ಜಾಗದಾಗ ಎರಡು ಸಲ ತಪ್ಪಿದ್ರಿ ಅಷ್ಟ. ಕೋಳಿಗೆ 'ಇದು ಕೋರಿ' ಅಂದ್ರಿ. ಬಾಳಿಗೆ 'ಬಾರೆ' ಅಂದ್ರಿ, ನಾ ನನ್ನ ಕರ್ಯಾಕತ್ತೀರಿ ಅನ್ಕೊಂಡೆ. ಎರಡರಾಗೂ 'ಳ' ಹೋಗಿ 'ರ' ಬಂತಲ್ರಿ, ಅದಕ್ಕ ಅದು ಮಾತಿನ ಜಾಗ ಅಂತ ಬಿಟ್ವಿ."

ನನಗಿಂತ ಮೊದಲು ದಿವಾಕರ್ ಎದ್ದು ನಿಂತರು. "ಅಯ್ಯೋ ದೇವರೇ! ಅದು ತಪ್ಪಲ್ಲ ಮಾರಾಯ್ರೇ! ತುಳುವಿನಲ್ಲಿ ಕೋಳಿಗೆ ಕೋರಿ ಅಂತಲೇ ಹೇಳುವುದು. ಬಾಳೆಗೆ ಬಾರೆ!"

ಪಲ್ಲವಿಯ ಮುಖ ಬಿಳಿಚಿತು. ಅವಳದ್ದೇನೂ ತಪ್ಪಿರಲಿಲ್ಲ. ತುಳು ಬೇಡ ಎಂದವಳು ನಾನು. ಧಾರವಾಡದ ಹುಡುಗಿಗೆ ಕೋರಿ ಹೇಗೆ ಗೊತ್ತಾಗಬೇಕು? ಅವಳು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದ್ದಳು, ನಾನಾಗಿದ್ದರೂ ಅಷ್ಟೇ ಹೇಳುತ್ತಿದ್ದೆ. ಅವಳ ಕೈ ತಟ್ಟಿದೆ.

ಸರ್ಜನ್ ರೌಂಡ್ಸ್‌ಗೆ ಬಂದಾಗ ವಿಷಯ ಹೇಳಿದೆವು. ಅವರು ಸ್ಟೂಲ್ ಎಳೆದು ಕೂತರು. ಸರ್ಜನ್‌ಗಳು ಕೂರುವುದು ಅಪರೂಪ. "ಹಾಗಾದ್ರೆ ಅಲ್ಲಿ ಉಳಿದಿರೋ ತುಂಡನ್ನು ತೆಗೀಬಹುದಿತ್ತು ಅಂತೀರಾ? ಈ ವಿಷಯದಲ್ಲಿ ಎಕ್ಸ್‌ಪರ್ಟ್ ನೀವು. ನೀವೇ ಹೇಳಿ."

ಗೊತ್ತಿದ್ದರೆ ತಾನೇ ಹೇಳುವುದು. ದಣಿದ ರೋಗಿ ಮನೆಮಾತಿಗೆ ಜಾರಿದಳು ಎನ್ನಬಹುದು, ಹಾಗಿದ್ದರೆ ಆ ಜಾಗದಲ್ಲಿ ಏನೂ ಇಲ್ಲ, ತೆಗೆಯಬಹುದಿತ್ತು. ಆದರೆ ಪೂರಾ ತುಳುವಿಗೆ ಜಾರಿದ್ದರೆ ನಾನು "ಇದು" ಎನ್ನುತ್ತಿರಲಿಲ್ಲ, "ಉಂದು" ಎನ್ನುತ್ತಿದ್ದೆ. ಶುರುವಾದದ್ದು ಕನ್ನಡದಲ್ಲೇ, ಹೆಸರಿಗೆ ಬಂದಾಗ ಏನೋ ತಡೆಯಿತು, ಕನ್ನಡದ ಬಾಗಿಲು ಮುಚ್ಚಿತು, ತುಳು ಹಿತ್ತಿಲಿನಿಂದ ಬಂತು. ಹಾಗಿದ್ದರೆ ಅಲ್ಲಿ ನನ್ನ ಕನ್ನಡ ಉಂಟು. ಅದೂ ಅಲ್ಲದಿದ್ದರೆ ಪಲ್ಲವಿ ಹೇಳಿದ್ದೇ ಸರಿ, 'ಳ' ಜಾರಿ 'ರ' ಆಯಿತು, ಅದು ತುಳುವಿಗೆ ಹೊಂದಿದ್ದು ಬರೀ ಕಾಕತಾಳೀಯ. ಬೇರೆ ರೋಗಿಯಾಗಿದ್ದರೆ ನಾನು ಇದರ ಮೇಲೆ ಒಂದು ಪೇಪರ್ ಬರೆದು ಸಮ್ಮೇಳನದಲ್ಲಿ ಓದಿ ಬರುತ್ತಿದ್ದೆ. ಕೊನೆಯಲ್ಲಿ "ಹೆಚ್ಚಿನ ಸಂಶೋಧನೆ ಅಗತ್ಯ" ಎಂದು ಒಂದು ಸಾಲು ಹಾಕಿದರೆ ಮುಗಿಯುತ್ತಿತ್ತು.

ಬಯಾಪ್ಸಿಯಲ್ಲಿ ನಿಧಾನದ ಗಡ್ಡೆಯೇ ಎಂದು ಬಂತು. ಎರಡು ದಾರಿ ಇಟ್ಟರು. ಇನ್ನೊಮ್ಮೆ ತಲೆ ತೆರೆದು, ಈ ಸಲ ತುಳುವಿನಲ್ಲೂ ನೋಡಿ, ಉಳಿದದ್ದನ್ನು ತೆಗೆಯಲು ಪ್ರಯತ್ನಿಸುವುದು. ಇಲ್ಲವೇ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತಾ ಕಾಯುವುದು. ಉಳಿದ ತುಂಡು ಮುಂದೊಂದು ದಿನ ಬೆಳೆಯಬಹುದು. ಇದನ್ನು ಸರ್ಜನ್ ಸ್ಪಷ್ಟವಾಗಿ ಹೇಳಿದರು.

ಊರಿಗೆ ಬಂದ ಮೇಲೆ ದಿವಾಕರ್ ಜೊತೆ ದಿನವೂ ಅದೇ ಜಗಳ. "ಒಂದು ಕೋಳಿಗಾಗಿ ಗಡ್ಡೆಯನ್ನು ತಲೆಯಲ್ಲಿ ಇಟ್ಟುಕೊಳ್ಳುವುದಾ?" ಎಂದು ಅವರು.

"ಕೋಳಿಗಾಗಿ ಅಲ್ಲ. ಅಲ್ಲಿ ಎಂತ ಉಂಟು ಅಂತ ಗೊತ್ತಿಲ್ಲ. ತೆಗೆದ ಮೇಲೆ ಗೊತ್ತಾದರೆ ವಾಪಸ್ ಇಡಲಿಕ್ಕೆ ಆಗ್ತದಾ?"

"ಬೆಳೆದರೆ?"

"ಬೆಳೆದರೆ ಆಗ ನೋಡುವ."

"ನೀನು ನಿನ್ನ ಮಾತನ್ನು ನೋಡ್ತಿದ್ದಿ. ನನಗೆ ನೀನು ಬೇಕು" ಎಂದರು ಒಂದು ದಿನ. ಹೇಳಿ ಎದ್ದು ಹೊರಗೆ ಹೋದರು. ಅವರು ಇಂಥ ಮಾತು ಆಡುವವರಲ್ಲ. ನಾನು ಅಲ್ಲೇ ಕೂತು ಅತ್ತೆ. ಆದರೂ ಕಾಯುವುದೆಂದೇ ಹೇಳಿದೆ. ಧೈರ್ಯದಿಂದಲ್ಲ, ಬರೀ ಸುಸ್ತಿನಿಂದ. ಆ ನೀಲಿ ಡೇರೆಯೊಳಗೆ ಮತ್ತೆ ಹೋಗುವ ಶಕ್ತಿ ನನ್ನಲ್ಲಿರಲಿಲ್ಲ.

ಈ ಸುಸ್ತಿನ ಬಗ್ಗೆ ಯಾವ ಪುಸ್ತಕವೂ ನನಗೆ ಸರಿಯಾಗಿ ಹೇಳಿರಲಿಲ್ಲ. ಸೀಝರ್ ಮಾತ್ರೆ ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ತಲೆ ಗೋಣಿಚೀಲ. ಸಣ್ಣ ಮಾತಿಗೆ ಸಿಟ್ಟು. ಕೆಲಸಕ್ಕೆ ಮರಳಿದ್ದೇನೆ, ಅರ್ಧ ದಿನ ಮಾತ್ರ. ಪಾಠ ಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ವಾಕ್ಯದ ನಡುವೆ ನಿಂತುಬಿಟ್ಟರೆ ವಿದ್ಯಾರ್ಥಿಗಳು ತಲೆ ತಗ್ಗಿಸಿ ಪೆನ್ನು ನೋಡುತ್ತಾರೆ, ಅದನ್ನು ಸಹಿಸುವುದು ಕಷ್ಟ. ರೋಗಿಗಳೇ ವಾಸಿ. ಪಡುಬಿದ್ರಿಯ ಕಂಡಕ್ಟರ್ ಮತ್ತೆ ಬಂದಿದ್ದರು. ನನ್ನ ತಲೆಯ ಸ್ಕಾರ್ಫ್ ನೋಡಿ "ನಿಮ್ಮದೂ ಟಯರ್ ಪಂಕ್ಚರ್ ಆಯ್ತಾ ಮೇಡಂ?" ಎಂದರು. ಹೌದು ಎಂದೆ. ಇಬ್ಬರೂ ಸೇರಿ ನಿಧಾನಕ್ಕೆ ಚಿತ್ರ ನೋಡಿದೆವು.

ಆದರೆ ಒಂದು ಚಾಳಿ ಹಿಡಿಯಿತು. ಹೆಸರು ಸಿಗದಾಗಲೆಲ್ಲ ಗಡ್ಡೆ ಬೆಳೆಯಿತೇ ಎಂದು ಹೆದರುವುದು. ಪಕ್ಕದ ಮನೆಯವರ ಮಗಳ ಹೆಸರು ಮರೆತರೆ ಸ್ಕ್ಯಾನ್ ಫಿಲ್ಮ್ ತೆಗೆದು ನೋಡುವುದು. ಬಜಗೋಳಿಯಲ್ಲಿ ದಿವಾಕರ್ ನೆಂಟರ ಮದುವೆಗೆ ಹೋದಾಗ ಬಡಿಸುತ್ತಿದ್ದ ಪಲ್ಯದ ಹೆಸರು ಹೊಳೆಯದೆ, ಊಟ ಬಿಟ್ಟು ಎದ್ದು ಹೋಗಿ ಕಾರಿನಲ್ಲಿ ಕೂತೆ. ಯಾವುದು ಕಾಯಿಲೆ, ಯಾವುದು ವಯಸ್ಸು, ಯಾವುದು ಬರೀ ನಾನು? ಬೇರೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ನನ್ನ ವೃತ್ತಿಯಾಗಿತ್ತು. ನನಗೇ ಹೇಳಿಕೊಳ್ಳಲು ಆಗಲಿಲ್ಲ.

ಮೊನ್ನೆ ಸ್ಕ್ಯಾನ್ ಆಯಿತು. ಹಾಗೇ ಇದೆ ಎಂದರು. ಬೆಳೆದಿಲ್ಲ, ಕುಗ್ಗಿಯೂ ಇಲ್ಲ. ದಿವಾಕರ್ ಕಾರನ್ನು ಮನೆಗೆ ತಿರುಗಿಸದೆ ನೇರ ಕಾಪುವಿಗೆ ಬಿಟ್ಟರು.

ಅಮ್ಮ ಹಿತ್ತಿಲಲ್ಲಿ ಮೀನು ಕೊಯ್ಯಲು ಕೂತಿದ್ದರು. ಸ್ಕ್ಯಾನ್ ವಿಷಯ ಕೇಳಿ, ದೇವರಿಗೆ ಕೈಮುಗಿದು, ಮತ್ತೆ ಕತ್ತಿ ಹಿಡಿದರು. ನಾನು ಪಕ್ಕದಲ್ಲಿ ಮಣೆ ಹಾಕಿ ಕೂತೆ. ಅಮ್ಮನಿಗೆ ಏನನಿಸಿತೋ, ಬುಟ್ಟಿಯಿಂದ ಒಂದು ಮೀನು ಎತ್ತಿ ನನ್ನ ಮುಖದ ಮುಂದೆ ಹಿಡಿದರು.

"ಉಂದು ದಾದ?"

ಇದು ಏನು? ನನ್ನ ಜೀವಮಾನದ ಪ್ರಶ್ನೆ. ಮಾತು ಕಲಿಯುವಾಗ ನನಗೆ ಮೊದಲು ಕೇಳಿದವರೂ ಇವರೇ ಇರಬೇಕು.

"ಬಂಗುಡೆ" ಎಂದೆ. ಅಮ್ಮ ತಲೆಯಾಡಿಸಿ ಇನ್ನೊಂದು ಎತ್ತಿದರು. ಬೂತಾಯಿ. ಕಾಣೆ. ನಂಗ್. ಎಲ್ಲ ಮೀನಿನ ಹೆಸರೂ ಬಂತು. ದಿವಾಕರ್ ಬಾಗಿಲಲ್ಲಿ ನಿಂತು "ಅತ್ತೇ, ಸರ್ಟಿಫಿಕೇಟ್ ಕೊಡಿ" ಎಂದು ನಗುತ್ತಿದ್ದರು. ಆಮೇಲೆ ಅಮ್ಮ ಬುಟ್ಟಿಯ ತಳದಿಂದ ಒಂದು ಸಣ್ಣ ಮೀನು ತೆಗೆದರು. ಬೆನ್ನ ಮೇಲೆ ಮಾಸಲು ಗೆರೆ. ನೋಡಿದ್ದೇನೆ. ತಿಂದಿದ್ದೇನೆ.

ಹೆಸರು ಇಲ್ಲ.

ತಡಕಾಡಿದೆ. ಕನ್ನಡದಲ್ಲಿ ಹುಡುಕಿದೆ, ತುಳುವಿನಲ್ಲಿ ಹುಡುಕಿದೆ. ಸ್ಕ್ಯಾನ್ ತಪ್ಪಾಗಿರಬಹುದು, ಈಗ ತುಳುವೂ ಹೊರಟಿತು ಎಂದುಕೊಂಡೆ. ದಿವಾಕರ್ ನಗು ನಿಂತಿತು. ಅಮ್ಮ ನನ್ನ ಮುಖ ನೋಡಿದರು, ಮೀನನ್ನು ನೋಡಿದರು, ಅದನ್ನು ಮಣೆಯ ಮೇಲಿಟ್ಟು ತಲೆ ಕತ್ತರಿಸಿದರು.

"ಹೋಗಲಿ ಬಿಡು. ಇದರ ಹೆಸರು ನಿನಗೆ ಯಾವತ್ತೂ ಗೊತ್ತಿರಲಿಲ್ಲ."

ನನಗೆ ಅಳು ಉಕ್ಕಿ ಬಂತು. ಇಷ್ಟು ತಿಂಗಳಲ್ಲಿ ಯಾವ ಡಾಕ್ಟರೂ ಹೇಳದ ಮಾತು ಅದು, ಯಾವ ಸ್ಕ್ಯಾನೂ ತೋರಿಸದ್ದು. ನನ್ನಲ್ಲಿಲ್ಲದ ಒಂದು ಶಬ್ದ ಕಾಯಿಲೆಯಿಂದ ಹೋದದ್ದಲ್ಲ.

"ಎಂತ ಇದು, ಮೀನಿನ ಹೆಸರಿಗೆಲ್ಲ ಯಾರಾದರೂ ಅಳ್ತಾರಾ?" ಎಂದು ಅಮ್ಮ ಗದರಿದರು.

"ಮೊದಲೂ ಗೊತ್ತಿರಲಿಲ್ಲ ಅಲ್ವಾ ಅಮ್ಮ?" ಎಂದು ಇನ್ನೊಮ್ಮೆ ಕೇಳಿದೆ.

"ಇಲ್ಲ ಮಾರಾಯ್ತಿ, ಇಲ್ಲ."